ಹೆಸರು ಮುಚ್ಚಿಟ್ಟ ರೂಮು
ಅಮೆರಿಕದ ಹೋಟೆಲ್ ಬುಕಿಂಗ್ ವೆಬ್‌ಸೈಟ್‌ಗಳಾದ ಹಾಟ್‌ವೈರ್‌ನ ಹಾಟ್ ರೇಟ್, ಪ್ರೈಸ್‌ಲೈನ್‌ನ ಎಕ್ಸ್‌ಪ್ರೆಸ್ ಡೀಲ್ ಅನ್ನೋ ಅಗ್ಗದ ಡೀಲ್‌ಗಳಲ್ಲಿ ಏರಿಯಾ, ಸ್ಟಾರ್, ಸೌಲಭ್ಯ, ರೇಟು ಎಲ್ಲ ಕಾಣುತ್ತೆ. ಹೋಟೆಲ್ ಹೆಸರು ಮಾತ್ರ ದುಡ್ಡು ಕಟ್ಟಿದ ಮೇಲೆ. ಕಟ್ಟುವ ಮುಂಚೆ ಇನ್ನೊಂದು ಟ್ಯಾಬ್‌ನಲ್ಲಿ ಅದೇ ತಾರೀಖು, ಅದೇ ಏರಿಯಾದ, ಹೋಟೆಲ್ ಹೆಸರಿರುವ ಮಾಮೂಲಿ ಪಟ್ಟಿ ತೆಗೆಯಿರಿ. ಈಜುಕೊಳ ಇದೆ, ಪುಕ್ಕಟೆ ತಿಂಡಿ ಇಲ್ಲ, ಏರ್‌ಪೋರ್ಟ್ ಶಟಲ್ ಇದೆ ಅಂತ ತಾಳೆ ಹಾಕುತ್ತಾ ಹೋದರೆ ಎಷ್ಟೋ ಸಲ ಎರಡು ಮೂರು ಹೆಸರಷ್ಟೇ ಉಳಿಯುತ್ತವೆ. ಯಾವುದು ಸಿಕ್ಕರೂ ಸರಿ ಅನ್ನಿಸಿದರೆ ಬುಕ್ ಮಾಡಿ. ಕ್ಯಾನ್ಸಲ್ ಮಾಡಿದರೆ ಸಾಮಾನ್ಯವಾಗಿ ದುಡ್ಡು ವಾಪಸ್ ಬರಲ್ಲ.

ಹೋಟೆಲಿನವರಿಗೆ ಇವತ್ತಿನ ಖಾಲಿ ರೂಮನ್ನು ನಾಳೆ ಮಾರೋಕಾಗಲ್ಲ, ಹಾಗಂತ ಬಹಿರಂಗವಾಗಿ ಅಗ್ಗ ಮಾಡಿದರೆ ಪೂರ್ತಿ ರೇಟು ಕೊಟ್ಟವನು ಜಗಳಕ್ಕೆ ಬರ್ತಾನೆ. ಅದಕ್ಕೇ ಈ ಮುಸುಕು.

ಲಾಸ್ ವೇಗಸ್‌ನಲ್ಲಿ ಎಷ್ಟೋ ಹೋಟೆಲ್‌ಗಳು ರೂಮಿನ ಬಾಡಿಗೆ ಮೇಲೆ ರೆಸಾರ್ಟ್ ಫೀ ಅಂತ ಕಡ್ಡಾಯ ಶುಲ್ಕ ಹಾಕುತ್ತವೆ, ಅದೂ ಸೇರಿದ ಒಟ್ಟು ಮೊತ್ತವನ್ನೇ ಹೋಲಿಸಿ. ಮಂಚ ಒಂದೋ ಎರಡೋ ಅನ್ನೋದಕ್ಕೆ ಎಷ್ಟೋ ಡೀಲ್‌ಗಳಲ್ಲಿ ಗ್ಯಾರಂಟಿ ಇಲ್ಲ. ಊರಿಂದ ಅಪ್ಪ ಅಮ್ಮ ಬಂದಿದ್ದರೆ ಈ ಸಹವಾಸ ಬೇಡ.