ಘಟ್ಟ ಇಳಿದು ಹವಳಕ್ಕೆ, ಮತ್ತೆ ಘಟ್ಟ ಹತ್ತುವ ಲೆಕ್ಕ

ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿಯುವಾಗ, ಕೊಯನಾಡು ಬರುವಷ್ಟರಲ್ಲಿ ಕಿವಿ ಗಪ್ಪೆಂದು ಮುಚ್ಚಿಕೊಳ್ಳುವುದು ನಮಗೆಲ್ಲ ಗೊತ್ತು. ಉಗುಳು ನುಂಗಿದರೆ 'ಟಿಕ್' ಎಂದು ತೆರೆದುಕೊಳ್ಳುತ್ತದೆ. ಮಡಿಕೇರಿ ಇರುವುದು ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿ. ಅಲ್ಲಿಂದ ಕಡಲ ದಂಡೆಗೆ ಇಳಿಯುವಷ್ಟರಲ್ಲಿ ಗಾಳಿಯ ಒತ್ತಡ ಎಷ್ಟು ಏರುತ್ತದೋ, ಅಷ್ಟು ಒತ್ತಡ ಸಮುದ್ರದಲ್ಲಿ ಬರೀ 1.3 ಮೀಟರ್ ಮುಳುಗಿದರೆ ಬರುತ್ತದೆ. ಒಂದು ಇಡೀ ಘಾಟಿ, ಒಬ್ಬ ಮನುಷ್ಯ ಕೂತಷ್ಟು ಎತ್ತರದ ನೀರಿನಲ್ಲಿ! ಸ್ಕೂಬಾ, ಅಂದರೆ ಬೆನ್ನಿಗೆ ಕಟ್ಟಿದ ಸಿಲಿಂಡರಿನ ಗಾಳಿ ಉಸಿರಾಡುತ್ತಾ ಕಡಲಲ್ಲಿ ಮುಳುಗುವುದನ್ನು ಕಲಿಯುವ ಕೊಡಗಿನವರು ಮೊದಲು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ಲೆಕ್ಕ ಇದು.

ಆದ್ದರಿಂದ ಕಿವಿ ಮುಚ್ಚಿದ ಮೇಲೆ ನೋಡೋಣ ಎಂದು ಕಾಯುವ ಹಾಗಿಲ್ಲ. ನೀರಿನ ಮೇಲೆ ಇರುವಾಗಲೇ ಒಮ್ಮೆ ಮೂಗು ಹಿಡಿದು ಮೆಲ್ಲಗೆ ಊದಿ. ಆಮೇಲೆ ಅರ್ಧ ಮೀಟರ್ ಇಳಿದಾಗಲೊಮ್ಮೆ ಹಾಗೇ ಮಾಡುತ್ತಾ, ಕಾಲು ಕೆಳಗೆ ತಲೆ ಮೇಲೆ ಇಟ್ಟುಕೊಂಡು, ಲಂಗರಿನ ಹಗ್ಗ ಹಿಡಿದು ಇಳಿಯಿರಿ. ನೋವು ಶುರುವಾದರೆ ಜೋರಾಗಿ ಊದಬೇಡಿ. ಒಂದು ಮೀಟರ್ ಮೇಲೆ ಬಂದು ಮತ್ತೆ ಪ್ರಯತ್ನಿಸಿ. ಕಿವಿ ಹೋಗುವುದು ಹೆಚ್ಚಾಗಿ ಮೊದಲ ಐದು ಮೀಟರ್‌ನಲ್ಲೇ, ಏಕೆಂದರೆ ಒತ್ತಡ ಪ್ರಮಾಣದಲ್ಲಿ ಅತಿ ಬೇಗ ಬದಲಾಗುವುದು ಅಲ್ಲಿಯೇ. ನೆಗಡಿ ಇದ್ದ ದಿನ ಡೈವ್ ಬೇಡವೇ ಬೇಡ. ಮೂಗು ಬಿಡಿಸುವ ಮಾತ್ರೆ ನುಂಗಿ ಇಳಿದವರಿಗೆ ಕೆಳಗಿರುವಾಗಲೇ ಮಾತ್ರೆಯ ಶಕ್ತಿ ಇಳಿದರೆ, ಹತ್ತುವಾಗ ಒಳಗಿನ ಗಾಳಿ ಹೊರಬರಲು ದಾರಿ ಇರುವುದಿಲ್ಲ. ಆ ನೋವು ಇಳಿಯುವಾಗಿನ ನೋವಿಗಿಂತ ಕಷ್ಟ, ಏಕೆಂದರೆ ಮೇಲೆ ಬರಲೇಬೇಕು.

ಯಾವಾಗ ಹೋಗುವುದು? ನಮ್ಮ ರಜೆಯನ್ನು ತೋಟ ತೀರ್ಮಾನಿಸುತ್ತದೆ. ಅರೇಬಿಕಾ ಕೊಯ್ಲು, ಆಮೇಲೆ ರೊಬಸ್ಟಾ, ಸ್ಪ್ರಿಂಕ್ಲರ್, ಹೂಮಳೆ, ಇಷ್ಟೆಲ್ಲ ಮುಗಿದು ಕೈ ಖಾಲಿಯಾಗುವುದು ಏಪ್ರಿಲ್ ಹೊತ್ತಿಗೆ. ಅಂಡಮಾನಿಗೆ ಅದು ಒಳ್ಳೆಯ ಕಾಲ, ಕಡಲು ಶಾಂತ, ನೀರು ಬೆಚ್ಚಗೆ. ಮುರ್ಡೇಶ್ವರದ ಆಚೆ ಸುಮಾರು 19 ಕಿಲೋಮೀಟರ್ ದೂರದಲ್ಲಿರುವ ನೇತ್ರಾಣಿ ದ್ವೀಪಕ್ಕೆ ಮಳೆಗಾಲ ಕಳೆದ ಮೇಲಿನಿಂದ ಮೇ ತನಕ ದೋಣಿ ಹೋಗುತ್ತದೆ. ತುಲಾ ಸಂಕ್ರಮಣ ಮುಗಿದು ಹುತ್ತರಿ ಬರುವ ಮುಂಚಿನ ಬಿಡುವಿನಲ್ಲೂ ಹೋಗಬಹುದು, ಆದರೆ ಮಳೆ ಬಿಟ್ಟ ಹೊಸತರಲ್ಲಿ ನೀರು ಇನ್ನೂ ಕದಡಿರುತ್ತದೆ. ದೋಣಿಯಲ್ಲಿ ವಾಂತಿ ಬರುವವರು ಹೊರಡುವ ಒಂದು ಗಂಟೆ ಮುಂಚೆ ಮಾತ್ರೆ ತೆಗೆದುಕೊಳ್ಳಬೇಕು. ವಾಕರಿಕೆ ಶುರುವಾದ ಮೇಲೆ ನುಂಗಿದರೆ ಅದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ.

ಕಲಿಕೆಯ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. ಒಂದು ದಿನದ 'ಡಿಸ್ಕವರ್' ಡೈವ್‌ನಲ್ಲಿ ಬೋಧಕರು ಜೊತೆಗಿರುತ್ತಾರೆ, 12 ಮೀಟರ್ ಮಿತಿ. ಓಪನ್ ವಾಟರ್ ಕೋರ್ಸ್‌ಗೆ ಮೂರು ನಾಲ್ಕು ದಿನ ಬೇಕು, 18 ಮೀಟರ್ ತನಕ ಅರ್ಹತೆ. ಅಡ್ವಾನ್ಸ್ಡ್ ಮಾಡಿದವರು 30 ಮೀಟರ್‌ಗೆ ಹೋಗಬಹುದು. ಆರೋಗ್ಯದ ಅರ್ಜಿಯಲ್ಲಿ ಅಸ್ತಮಾ, ಮೂರ್ಛೆ, ಹೃದಯದ ತೊಂದರೆ ಯಾವುದನ್ನೂ ಮುಚ್ಚಿಡಬೇಡಿ.

ಗಾಳಿಯ ಲೆಕ್ಕವನ್ನು ಮಾತ್ರ ನಿಧಾನವಾಗಿ ಓದಿ. ಸಾಮಾನ್ಯವಾಗಿ ಸಿಗುವ ಅಲ್ಯೂಮಿನಿಯಂ ಸಿಲಿಂಡರ್ ಹಿಡಿಯುವುದು 11 ಲೀಟರ್, ತುಂಬಿದಾಗ 200 ಬಾರ್ ಒತ್ತಡ (ದಡದಲ್ಲಿ ನಮ್ಮ ಸುತ್ತಲಿನ ಗಾಳಿಯ ಒತ್ತಡ ಸುಮಾರು ಒಂದು ಬಾರ್). ಅದರಲ್ಲಿ ಕೊನೆಯ 50 ಬಾರ್ ಮುಟ್ಟುವ ಹಾಗಿಲ್ಲ. ಉಳಿದ 150 ಬಾರ್ ಅಂದರೆ ಸುಮಾರು 1,650 ಲೀಟರ್ ಗಾಳಿ. ಪ್ರತಿ 10 ಮೀಟರ್ ಇಳಿದಾಗ ಒತ್ತಡ ಸುಮಾರು ಒಂದು ಬಾರ್ ಏರುವುದರಿಂದ, ದಡದಲ್ಲಿ ನಿಮಿಷಕ್ಕೆ 20 ಲೀಟರ್ ಉಸಿರಾಡುವವರಿಗೆ 10 ಮೀಟರ್ ಆಳದಲ್ಲಿ 40, 20 ಮೀಟರ್‌ನಲ್ಲಿ 60, 30 ಮೀಟರ್‌ನಲ್ಲಿ 80 ಲೀಟರ್ ಬೇಕು. ಅದೇ ಸಿಲಿಂಡರ್ 10 ಮೀಟರ್‌ನಲ್ಲಿ 41 ನಿಮಿಷ ಬಂದರೆ, 30 ಮೀಟರ್‌ನಲ್ಲಿ ಬರೀ 20 ನಿಮಿಷ. ಹೊಸಬರು ಗಾಬರಿಯಲ್ಲಿ ಇದರ ಒಂದೂವರೆ ಪಟ್ಟು ಎಳೆಯುತ್ತಾರೆ.

ನೀರಿಗೆ ಹಾರುವ ಮುಂಚೆ, ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ರೆಗ್ಯುಲೇಟರ್ ಬಾಯಲ್ಲಿಟ್ಟು, ಒತ್ತಡ ತೋರಿಸುವ ಗೇಜಿನ ಮುಳ್ಳನ್ನೇ ನೋಡುತ್ತಾ ನಾಲ್ಕು ಸಲ ಉಸಿರೆಳೆಯಿರಿ. ಮುಳ್ಳು ಅಲುಗಾಡಬಾರದು. ಪ್ರತಿ ಉಸಿರಿಗೂ ಮುಳ್ಳು ಕೆಳಗೆ ಕುಸಿದು ಮತ್ತೆ ಮೇಲೇಳುತ್ತಿದ್ದರೆ ಸಿಲಿಂಡರಿನ ವಾಲ್ವ್ ಪೂರ್ತಿ ತೆರೆದಿಲ್ಲ ಎಂದರ್ಥ. ದಡದಲ್ಲಿ ಅಷ್ಟು ಗಾಳಿ ಸಾಕೆನಿಸುತ್ತದೆ, 20 ಮೀಟರ್‌ನಲ್ಲಿ ಸಾಲುವುದಿಲ್ಲ. ವಾಲ್ವಿನ ಬುಡದಲ್ಲಿ 'ಸುಯ್' ಎಂದು ಗಾಳಿ ಸೋರಿದರೆ ಅಲ್ಲಿನ ರಬ್ಬರ್ ಬಳೆ, ಓ-ರಿಂಗ್, ಸೀಳಿದೆ. ಬದಲಿಸಲು ಎರಡು ನಿಮಿಷದ ಕೆಲಸ, ದೋಣಿಯವರಿಗೆ ಹೇಳಲು ಸಂಕೋಚ ಬೇಡ.

ಮೀಸೆ ಇರುವವರಿಗೆ ಒಂದು ಮಾತು. ಮಾಸ್ಕಿನ ಸಿಲಿಕೋನ್ ಅಂಚು ಮೂಗಿನ ಕೆಳಗೆ ಚರ್ಮಕ್ಕೆ ಅಂಟಿಕೊಳ್ಳಬೇಕು. ಕೂದಲಿದ್ದರೆ ಅಲ್ಲಿಂದಲೇ ನೀರು ಜಿನುಗುತ್ತದೆ. ಮೀಸೆ ತೆಗೆಯಬೇಕಾಗಿಲ್ಲ. ಮೂಗಿಗೆ ತಾಗುವ ಸಣ್ಣ ಪಟ್ಟಿಯಷ್ಟನ್ನು ಕತ್ತರಿಸಿ, ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿದರೆ ಸಾಕು. ಹೊಸ ಮಾಸ್ಕಿನ ಗಾಜಿನ ಒಳಗೆ ಕಾರ್ಖಾನೆಯ ಜಿಡ್ಡಿನ ಪೊರೆ ಇರುತ್ತದೆ. ಟೂತ್‌ಪೇಸ್ಟ್ ಹಾಕಿ ಬೆರಳಿನಿಂದ ಮೂರು ನಾಲ್ಕು ಸಲ ಉಜ್ಜಿ ತೊಳೆಯದಿದ್ದರೆ ಎಷ್ಟು ಉಗುಳು ಸವರಿದರೂ ಮಂಜು ಕಟ್ಟುತ್ತದೆ.

ಇನ್ನು ತೂಕ. ಹವಳ ಮುರಿಯುವುದಕ್ಕೆ ಮೂಲ ಕಾರಣ ಮುಳುಗಲೆಂದು ಸೊಂಟಕ್ಕೆ ಕಟ್ಟಿದ ಸೀಸದ ಭಾರ ಹೆಚ್ಚಾಗಿರುವುದು. ಭಾರ ಹೆಚ್ಚಾದರೆ ತೇಲಿಸುವ ಜಾಕೆಟ್ಟಿಗೆ ಗಾಳಿ ತುಂಬಬೇಕು, ಎದೆ ಮೇಲೇಳುತ್ತದೆ, ಕಾಲು ಜೋತುಬೀಳುತ್ತದೆ, ಪಾದಕ್ಕೆ ಹಾಕಿದ ಈಜುರೆಕ್ಕೆ, ಅಂದರೆ ಫಿನ್, ಹವಳಕ್ಕೆ ಬಡಿಯುತ್ತದೆ. ಈಜುಕೊಳದಲ್ಲಿ ಕಲಿತವರು ಸಮುದ್ರಕ್ಕೆ ಹೋದಾಗ ಉಪ್ಪುನೀರಿಗೆ ಎರಡರಿಂದ ಎರಡೂವರೆ ಕಿಲೋ ಸೇರಿಸಿದರೆ ಸಾಕು. ತುಂಬಿದ ಸಿಲಿಂಡರಿನ ಗಾಳಿಯೇ ಸುಮಾರು 2.7 ಕಿಲೋ ತೂಗುತ್ತದೆ. ಡೈವ್ ಮುಗಿಯುವಾಗ ಅದರ ಮುಕ್ಕಾಲು ಭಾಗ ಹೋಗಿರುತ್ತದೆ, ದೇಹ ತೇಲತೊಡಗುತ್ತದೆ. ಅದಕ್ಕೇ ತೂಕದ ಪರೀಕ್ಷೆ ಡೈವ್‌ನ ಕೊನೆಯಲ್ಲಿ ಮಾಡಬೇಕು: 50 ಬಾರ್ ಉಳಿದಾಗ, 5 ಮೀಟರ್‌ನಲ್ಲಿ, ಜಾಕೆಟ್ ಖಾಲಿ ಮಾಡಿ ನಿಲ್ಲಲು ಬಂದರೆ ತೂಕ ಸರಿ.

ಹಂಡೆಯಷ್ಟು ದೊಡ್ಡದಾದ ಪೊರೈಟಿಸ್ ಹವಳದ ಗುಂಡನ್ನು ಒಂದು ಮೊಳ ದೂರದಿಂದ ನೋಡಿ. ದೂರದಿಂದ ಕಲ್ಲಿನ ಹಾಗಿದ್ದದ್ದು ಹತ್ತಿರದಲ್ಲಿ ಸೂಜಿಮೊನೆಯಷ್ಟು ಸಣ್ಣ ಗುಳಿಗಳಿಂದ ತುಂಬಿರುತ್ತದೆ, ಒಂದೊಂದು ಗುಳಿಯಲ್ಲೂ ಒಂದು ಜೀವ, ಅದಕ್ಕೊಂದು ಬಾಯಿ. ಮೇಲೆ ತೆಳುವಾದ ಲೋಳೆ. ಬೆರಳು ತಾಗಿದರೆ ಆ ಲೋಳೆ ಹರಿಯುತ್ತದೆ, ಅಲ್ಲಿಂದ ರೋಗ ಒಳಗೆ ಸೇರುತ್ತದೆ. ಇದು ವರ್ಷಕ್ಕೆ ಹೆಚ್ಚೆಂದರೆ ಒಂದು ಸೆಂಟಿಮೀಟರಿನಷ್ಟು ಬೆಳೆಯುತ್ತದೆ. ಹಂಡೆಯಷ್ಟಾಗಲು, ತೋಟದಲ್ಲಿ ನೆಟ್ಟ ಸಿಲ್ವರ್ ಓಕ್ ಕಡಿಯುವ ಹಂತಕ್ಕೆ ಬರುವಷ್ಟು ಕಾಲ ಬೇಕು. ನೀರು ಬಿಸಿಯಾದಾಗ ಒಳಗಿನ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. 1998, 2010, 2016ರಲ್ಲಿ ಲಕ್ಷದ್ವೀಪದ ಹವಳಗಳು ಹೀಗೆ ಬಿಳಿಚಿ ಬಹಳಷ್ಟು ಸತ್ತವು. ಬದುಕಿ ಉಳಿದದ್ದನ್ನು ನಮ್ಮ ಫಿನ್ ಮುರಿಯಬಾರದು. 1972ರ ವನ್ಯಜೀವಿ ಕಾಯ್ದೆಯಡಿ ಹವಳಕ್ಕೆ ರಕ್ಷಣೆ ಇದೆ, ದಂಡೆಯಲ್ಲಿ ಬಿದ್ದ ಒಣ ತುಂಡನ್ನೂ ಚೀಲಕ್ಕೆ ಹಾಕಬೇಡಿ.

ಅಂಡಮಾನಿನಲ್ಲಿ ಟೈಟನ್ ಟ್ರಿಗರ್‌ಫಿಶ್ ಎಂಬ ಮೀನು ಗೂಡು ಕಾಯುವಾಗ ಅಟ್ಟಿಸಿಕೊಂಡು ಬರುತ್ತದೆ. ಅದರ ಗಡಿ ಆಲಿಕೆಯ ಹಾಗೆ ಮೇಲೆ ಅಗಲವಾಗುತ್ತಾ ಹೋಗುತ್ತದೆ. ಮೇಲಕ್ಕೆ ಓಡಿದರೆ ಇನ್ನೂ ಅದರ ಜಾಗದಲ್ಲೇ ಇರುತ್ತೀರಿ, ಅಡ್ಡಕ್ಕೆ ಈಜಿ ದೂರ ಹೋಗಿ. ಲಯನ್‌ಫಿಶ್ ಮುಳ್ಳು ಚುಚ್ಚಿದರೆ ಸುಡದಷ್ಟು ಬಿಸಿನೀರಿನಲ್ಲಿ, ಸುಮಾರು 45 ಡಿಗ್ರಿ, ಅರ್ಧ ಗಂಟೆಯಾದರೂ ಅದ್ದಿಡಬೇಕು.

ಮುಳುಗಿದ ಹಡಗು ನೋಡಬೇಕೆನ್ನುವವರಿಗೆ ಮೊದಲು ಬಾಲಿಯ ತುಲಂಬೆನ್ ಎನ್ನುತ್ತೇನೆ. ಅಮೆರಿಕದ ಸರಕು ಹಡಗು ಲಿಬರ್ಟಿಗೆ 1942ರ ಜನವರಿಯಲ್ಲಿ ಜಪಾನಿನ ಜಲಾಂತರ್ಗಾಮಿ ಟಾರ್ಪಿಡೊ ಹೊಡೆಯಿತು. ಎಳೆದು ತಂದು ದಂಡೆಗೆ ಹತ್ತಿಸಿದ್ದರು. 1963ರಲ್ಲಿ ಆಗುಂಗ್ ಜ್ವಾಲಾಮುಖಿ ಸಿಡಿದಾಗ ಅದು ಜಾರಿ ನೀರಿಗೆ ಬಿತ್ತು. ಈಗ ದಂಡೆಯಿಂದಲೇ ನಡೆದು ಇಳಿಯಬಹುದು, ಆಳವಿಲ್ಲದ ತುದಿಯಿಂದ ಸುಮಾರು 30 ಮೀಟರ್ ತನಕ ಇಳಿಜಾರಿನಲ್ಲಿ ಮಲಗಿದೆ. ದಂಡೆಯ ಕಪ್ಪು ಉರುಟುಕಲ್ಲು ಅಲೆಗೆ ಉರುಳುತ್ತಿರುತ್ತದೆ. ಫಿನ್ ಹಾಕಿಕೊಂಡು ನಡೆದರೆ ಬೀಳುವುದು ಖಂಡಿತ, ಸೊಂಟದಷ್ಟು ನೀರಿಗೆ ಹೋದ ಮೇಲೆ ಹಾಕಿ. ಕೆಂಪು ಸಮುದ್ರದಲ್ಲಿರುವ ಥಿಸಲ್‌ಗಾರ್ಮ್ ಹಡಗು ಇನ್ನೊಂದು ಬಗೆ. 1941ರ ಅಕ್ಟೋಬರ್‌ನಲ್ಲಿ ಬಾಂಬಿಗೆ ಮುಳುಗಿದ್ದು, ಒಳಗೆ ಲಾರಿ, ಮೋಟಾರ್‌ಸೈಕಲ್‌ಗಳು ಸಾಲಾಗಿ ನಿಂತಿವೆ. ತಳ 30 ಮೀಟರ್, ಸೆಳೆತ ಹೆಚ್ಚು, ಅಡ್ವಾನ್ಸ್ಡ್ ಆಗದವರಿಗೆ ತಕ್ಕದ್ದಲ್ಲ.

ಹಡಗಿನ ಒಳಗೆ ಹೋಗುವ ಆಸೆ ಎಲ್ಲರಿಗೂ ಬರುತ್ತದೆ. ನೀವು ಬಿಡುವ ಗುಳ್ಳೆಗಳೇ ಛಾವಣಿಯ ತುಕ್ಕನ್ನು ಉದುರಿಸುತ್ತವೆ, ಫಿನ್ ಒಂದೇ ಸಲ ಬೀಸಿದರೆ ತಳದ ಕೆಸರು ಎದ್ದು ಬಂದ ಬಾಗಿಲು ಕಾಣದಾಗುತ್ತದೆ. ತರಬೇತಿ, ಟಾರ್ಚ್, ಹಿಂತಿರುಗಲು ದಾರದ ರೀಲು ಇಲ್ಲದೆ ಒಳಗೆ ಕಾಲಿಡಬಾರದು. ಗಾಳಿಯ ಮೂರನೇ ಒಂದು ಪಾಲು ಹೋಗಲು, ಒಂದು ಪಾಲು ಬರಲು, ಉಳಿದ ಪಾಲು ಆಪತ್ತಿಗೆ.

ಹತ್ತುವಾಗ ನಿಮಿಷಕ್ಕೆ 9 ಮೀಟರ್ ಮೀರಬಾರದು, ಉಸಿರು ಹಿಡಿಯಲೇಬಾರದು, 5 ಮೀಟರ್‌ನಲ್ಲಿ ಮೂರು ನಿಮಿಷ ನಿಲ್ಲಬೇಕು. ಇಷ್ಟನ್ನು ಎಲ್ಲ ಬೋಧಕರೂ ಹೇಳುತ್ತಾರೆ. ಅವರಲ್ಲಿ ಹೆಚ್ಚಿನವರು ಕರಾವಳಿಯವರು, ನಿಮ್ಮ ಮನೆ ಬೆಟ್ಟದ ಮೇಲಿದೆ ಎಂಬುದು ಅವರಿಗೆ ನೆನಪಾಗುವುದಿಲ್ಲ.

ಆಳದಲ್ಲಿ ರಕ್ತ ಮತ್ತು ಮಾಂಸಖಂಡಗಳಲ್ಲಿ ಕರಗಿದ ಸಾರಜನಕ ಮೆಲ್ಲಗೆ ಹೊರಗೆ ಹೋಗುತ್ತಿರುತ್ತದೆ. ಅಷ್ಟರೊಳಗೆ ಎತ್ತರಕ್ಕೆ ಹೋದರೆ ಒತ್ತಡ ಇಳಿದು ಅದು ಗುಳ್ಳೆಯಾಗಬಹುದು, ಸೋಡಾ ಬಾಟಲಿಯ ಮುಚ್ಚಳ ತೆಗೆದ ಹಾಗೆ. ಡೈವ್ ಮಾಡುವವರ ಸುರಕ್ಷತೆ ನೋಡಿಕೊಳ್ಳುವ ಸಂಸ್ಥೆ ಡೈವರ್ಸ್ ಅಲರ್ಟ್ ನೆಟ್‌ವರ್ಕ್‌ನ ಸಲಹೆ ಹೀಗಿದೆ: ಒಂದೇ ಡೈವ್ ಮಾಡಿದ್ದರೆ 12 ಗಂಟೆ, ಹೆಚ್ಚು ಡೈವ್ ಅಥವಾ ಹಲವು ದಿನ ಮಾಡಿದ್ದರೆ 18 ಗಂಟೆ ಕಳೆಯುವ ತನಕ ವಿಮಾನ ಹತ್ತಬಾರದು. ಈ ಮಾತು 2,000 ಅಡಿಯಿಂದ, ಅಂದರೆ 600 ಮೀಟರ್‌ನಿಂದ ಮೇಲಿನ ಎತ್ತರಕ್ಕೆಲ್ಲ ಅನ್ವಯ. ಮಡಿಕೇರಿ ಮಾತ್ರವಲ್ಲ, ವಿರಾಜಪೇಟೆ, ಸೋಮವಾರಪೇಟೆ, ಕುಶಾಲನಗರ ಎಲ್ಲವೂ ಅದರೊಳಗೆ ಬರುತ್ತವೆ. ಬೆಂಗಳೂರು ಕೂಡ.

ನೇತ್ರಾಣಿಯಲ್ಲಿ ಶನಿವಾರ ಎರಡು ಡೈವ್ ಮಾಡಿ ಮಧ್ಯಾಹ್ನ 12ಕ್ಕೆ ನೀರಿನಿಂದ ಎದ್ದಿರಿ ಎನ್ನಿ. ಊಟ ಮುಗಿಸಿ 2ಕ್ಕೆ ಹೊರಟರೆ ಮಂಗಳೂರಿಗೆ 150 ಕಿಲೋಮೀಟರ್, ಅಲ್ಲಿಂದ ಮಡಿಕೇರಿಗೆ 140. ರಾತ್ರಿ 8ರ ಹೊತ್ತಿಗೆ ಘಾಟಿ ಬುಡದಲ್ಲಿರುತ್ತೀರಿ, ಆಗ ಕಳೆದದ್ದು ಬರೀ 8 ಗಂಟೆ. ನಿಮಗೆ ಬೇಕಾದದ್ದು 18, ಅಂದರೆ ಭಾನುವಾರ ಬೆಳಿಗ್ಗೆ 6. ಆ ರಾತ್ರಿ ಉಡುಪಿಯಲ್ಲೋ ಮಂಗಳೂರಿನಲ್ಲೋ ಪುತ್ತೂರಿನ ನೆಂಟರ ಮನೆಯಲ್ಲೋ ಉಳಿದು, ತಿಂಡಿ ಮುಗಿಸಿ ಘಾಟಿ ಹತ್ತಿ. ಬಾಲಿಗೆ ಹೋದವರಿಗೂ ಇದೇ ಲೆಕ್ಕ: ಬೆಳಿಗ್ಗೆ ತುಲಂಬೆನ್‌ನಲ್ಲಿ ಡೈವ್, ಮಧ್ಯಾಹ್ನ ಕಿಂತಾಮಣಿಯಲ್ಲಿ ಜ್ವಾಲಾಮುಖಿ ನೋಡುತ್ತಾ ಊಟ ಎಂದು ಟ್ಯಾಕ್ಸಿಯವರು ಒಂದೇ ದಿನಕ್ಕೆ ಜೋಡಿಸುತ್ತಾರೆ. ಆ ಬೆಟ್ಟದಂಚು ಮಡಿಕೇರಿಗಿಂತಲೂ ಎತ್ತರ. ಬೆಟ್ಟವನ್ನು ಮೊದಲ ದಿನಕ್ಕೆ ಹಾಕಿ, ಕಡಲನ್ನು ಆಮೇಲೆ.

ಮನೆಗೆ ಬಂದ ಮೇಲೆ ಭುಜ, ಮೊಣಕೈ, ಮೊಣಕಾಲು ಒಳಗಿನಿಂದ ನೋಯತೊಡಗಿದರೆ, ಜೋಮು ಹಿಡಿದರೆ, ಚರ್ಮದಲ್ಲಿ ಕೆಂಪು ಮಚ್ಚೆ ಎದ್ದರೆ, ವಿಪರೀತ ಸುಸ್ತಾದರೆ, ಸಿಲಿಂಡರ್ ಎತ್ತಿದ್ದಕ್ಕೆ ಉಳುಕಿರಬೇಕು ಎಂದು ಎಣ್ಣೆ ತಿಕ್ಕಿ ಮಲಗಬೇಡಿ. ಆಸ್ಪತ್ರೆಗೆ ಹೋಗಿ ಮೊದಲ ಮಾತಿಗೇ, 'ನಿನ್ನೆ ಸಮುದ್ರದಲ್ಲಿ ಇಷ್ಟು ಮೀಟರ್ ಆಳಕ್ಕೆ ಇಷ್ಟು ಸಲ ಇಳಿದಿದ್ದೆ, ಇಷ್ಟು ಹೊತ್ತಿಗೆ ಘಾಟಿ ಹತ್ತಿದೆ' ಎಂದು ಹೇಳಿ. ನೀವು ಹೇಳದಿದ್ದರೆ ವೈದ್ಯರಿಗೆ ಅದು ಹೊಳೆಯುವುದು ಕಷ್ಟ. ಶುದ್ಧ ಆಮ್ಲಜನಕ ಕೊಡಿಸಿಕೊಂಡು, ಡೈವ್ ಸೆಂಟರಿಗೆ ಫೋನ್ ಮಾಡಿ, ಇದಕ್ಕೆ ಚಿಕಿತ್ಸೆ ಕೊಡುವ ಒತ್ತಡದ ಕೋಣೆ ಇರುವ ಆಸ್ಪತ್ರೆ ಯಾವುದೆಂದು ಆಗಲೇ ಕೇಳಿ. ಡೈವ್ ಕಂಪ್ಯೂಟರ್ ಇದ್ದರೆ ಜೊತೆಗೆ ಒಯ್ಯಿರಿ, ಆಳ ಮತ್ತು ಸಮಯ ಅದರಲ್ಲೇ ದಾಖಲಾಗಿರುತ್ತದೆ.

ಸ್ವಂತ ಸಲಕರಣೆ ಇರುವವರು ಸಿಹಿನೀರಿನಲ್ಲಿ ಅದ್ದಿ ತೊಳೆದು ನೆರಳಲ್ಲಿ ಒಣಗಿಸಬೇಕು. ಮೆಣಸು, ಕಾಫಿ ಒಣಗುವ ಕಣದಲ್ಲಿ ವೆಟ್‌ಸೂಟ್ ಹರವಬೇಡಿ, ಬಿಸಿಲಿಗೆ ಅದು ಸೆಟೆದು ಬಿರಿಯುತ್ತದೆ. ನಮ್ಮ ಜೂನ್, ಜುಲೈ ಮಳೆಗೆ ಮುಚ್ಚಿದ ಕಪಾಟಿನಲ್ಲಿಟ್ಟರೆ ಬೂಷ್ಟು ಹಿಡಿಯುತ್ತದೆ, ಅಗಲವಾದ ಹ್ಯಾಂಗರಿಗೆ ತೂಗುಹಾಕಿ ಗಾಳಿಯಾಡುವ ಕಡೆ ಇಡಿ. ರೆಗ್ಯುಲೇಟರಿನ ಬಾಯಿಗೆ ಮಾತ್ರ ಪ್ಲಾಸ್ಟಿಕ್ ಚೀಲ ಕಟ್ಟಿ. ಜಿರಳೆ ಒಳಗೆ ಸೇರಿಕೊಂಡರೆ ಗೊತ್ತಾಗುವುದು ಮುಂದಿನ ಸಲ ಉಸಿರೆಳೆದಾಗ.