ಬೀಮ್ ಮುಚ್ಚಿ ನೋಡಿದ್ಯಾ?

"ಮೇಡಂ, ಬೆಳೀತಿದೆ, ಬೆಳೀತಿದೆ!" ಮಂಗಳವಾರ ಟೆಮ್ (ಎಲೆಕ್ಟ್ರಾನ್‌ಗಳ ಬೀಮ್, ಅಂದರೆ ಕಿರಣ, ಹಾಯಿಸಿ ನೋಡುವ ಸೂಕ್ಷ್ಮದರ್ಶಕ) ರೂಮಿನ ಕತ್ತಲಲ್ಲಿ ಆ ಹುಡುಗ ಕೂಗಿದ್ದು ಇನ್ನೂ ಕಿವಿಯಲ್ಲಿದೆ. ಬೂದು ಪರದೆಯ ಮೇಲೆ ಚಿನ್ನದ ಕಣಗಳು ಕಪ್ಪು ಸಾಸಿವೆಯ ಹಾಗೆ ಮೂಡಿ ದಪ್ಪವಾಗುತ್ತಿದ್ದವು. ಹಿಂದೆ ನಿಂತ ಮೇಡಂ ಕೇಳಿದ್ದು ಇಷ್ಟೇ: "ಬೀಮ್ ಮುಚ್ಚಿ ನೋಡಿದ್ಯಾ?"

ಲಿಕ್ವಿಡ್ ಸೆಲ್, ಅಂದರೆ ದ್ರವವನ್ನು ನಿರ್ವಾತದೊಳಗೆ ಹಿಡಿದಿಡುವ ಪುಟ್ಟ ಡಬ್ಬಿ, ಜೋಡಿಸಿದ್ದು ಅಚ್ಚುಕಟ್ಟಾಗೇ ಇತ್ತು. ಎರಡು ಸಿಲಿಕಾನ್ ಚಿಪ್, ಎರಡಕ್ಕೂ 50 ನ್ಯಾನೊಮೀಟರ್ ದಪ್ಪದ ಸಿಲಿಕಾನ್ ನೈಟ್ರೈಡ್ ಕಿಟಕಿ. ಹನಿ ಮುದ್ದೆಯಾಗದೆ ಹರಡಲೆಂದು ಮೊದಲು ಪ್ಲಾಸ್ಮಾ ಕ್ಲೀನಿಂಗ್. ಆಮೇಲೆ ಚಿನ್ನದ ಅಯಾನುಗಳಿರುವ 1 ಮಿಲಿಮೋಲಾರ್ ಕ್ಲೋರೋಆರಿಕ್ ಆಮ್ಲದ ಪುಟ್ಟ ಹನಿ. ಓ-ರಿಂಗ್ ಮೇಲೆ ಒಂದು ನೂಲೆಳೆ ಕೂತಿದ್ದರೂ ಸೋರುತ್ತದೆ. ಹಾಗಾಗಿ ಹೋಲ್ಡರನ್ನು ಮೊದಲು ಹೊರಗಿನ ಪಂಪಿಗೆ ಹಾಕಿ ಪರೀಕ್ಷಿಸಿಯೇ ಒಳಗೆ ತಳ್ಳಿದ್ದ. ನಿರ್ವಾತದಲ್ಲಿ ಕಿಟಕಿಗಳು ಹಪ್ಪಳದಂತೆ ಉಬ್ಬುತ್ತವೆ, ನಡುವೆ ನೀರು ದಪ್ಪವಾಗಿ ಚಿತ್ರ ಮಂಕಾಗುತ್ತದೆ. ಅವನು ಉಬ್ಬು ಕಡಿಮೆ ಇರುವ ಕಿಟಕಿಯ ಮೂಲೆಯಲ್ಲೇ ಹುಡುಕಿದ್ದು ಅದಕ್ಕೇ. ಜಾಣ.

ಆದರೆ ಡೋಸ್, ಅಂದರೆ ಮಾದರಿಯ ಮೇಲೆ ಎಷ್ಟು ಎಲೆಕ್ಟ್ರಾನ್ ಬೀಳುತ್ತವೆ ಎಂಬ ಲೆಕ್ಕ, ಹಾಕಿರಲಿಲ್ಲ. 1 ನ್ಯಾನೊಆಂಪಿಯರ್ ಕರೆಂಟನ್ನು 1 ಮೈಕ್ರಾನ್ ಅಗಲದ ವೃತ್ತಕ್ಕೆ ಬಿಟ್ಟರೆ ಚದರ ಆಂಗ್‌ಸ್ಟ್ರಾಮಿಗೆ (ಆಂಗ್‌ಸ್ಟ್ರಾಮ್ ಅಂದರೆ ನ್ಯಾನೊಮೀಟರಿನ ಹತ್ತನೇ ಒಂದು) ಸೆಕೆಂಡಿಗೆ ಸುಮಾರು 80 ಎಲೆಕ್ಟ್ರಾನ್. ಚೆನ್ನಾಗಿ ಕಾಣಲೆಂದು ವೃತ್ತದ ಅಗಲವನ್ನು ಅರ್ಧಕ್ಕೆ ಕುಗ್ಗಿಸಿದರೆ ಅದೇ ನಾಲ್ಕು ಪಟ್ಟು. ಆ ಹೊಡೆತಕ್ಕೆ ನೀರೇ ಒಡೆಯುತ್ತದೆ. ಬಿಡುಗಡೆಯಾದ ಎಲೆಕ್ಟ್ರಾನ್‌ಗಳು ಚಿನ್ನದ ಅಯಾನುಗಳನ್ನು ಹಿಡಿದು ಲೋಹ ಮಾಡುತ್ತವೆ. ಇನ್ನೂ ಜೋರು ಮಾಡಿದರೆ ಹೈಡ್ರೋಜನ್ ಗುಳ್ಳೆ ಎದ್ದು ದ್ರವವನ್ನೇ ಪಕ್ಕಕ್ಕೆ ತಳ್ಳುತ್ತದೆ.

ಅವನು ಬೀಮ್ ಮುಚ್ಚಿದ. ಐದು ನಿಮಿಷ. ಮತ್ತೆ ತೆರೆದಾಗ ಮ್ಯಾಗ್ನಿಫಿಕೇಶನ್ ಇಳಿಸಿ, ಬೀಮ್ ಹರಡಿ ನೋಡಿದ. ಬಳೆ ಒತ್ತಿದಷ್ಟು ಸ್ಪಷ್ಟವಾದ ವೃತ್ತ. ಒಳಗೆ ಕಿಕ್ಕಿರಿದ ಕಣಗಳು, ಹೊರಗೆ ಒಂದೂ ಇಲ್ಲ. ಬೀಮ್ ಎಲ್ಲಿ ನಿಂತಿತ್ತೋ ಅಲ್ಲಷ್ಟೇ ಚಿನ್ನ.

ಹುಡುಗನ ಮುಖ ಬಾಡಿತು. ತಪ್ಪು ಅವನದಲ್ಲ ಬಿಡಿ. ಸಮ್ಮೇಳನಗಳಲ್ಲಿ ಹತ್ತು ಪಟ್ಟು ವೇಗದ ವಿಡಿಯೊ ಓಡಿಸಿ, ಡೋಸ್ ಎಷ್ಟೆಂದು ಮೂಲೆಯಲ್ಲೂ ಬರೆಯದೆ ಚಪ್ಪಾಳೆ ಗಿಟ್ಟಿಸುವ ದೊಡ್ಡವರನ್ನು ನೋಡಿ ಕಲಿತವನು. ಬಿಸಿ ಮಾಡುವ ಪ್ರಯೋಗದಲ್ಲೂ ಇದೇ ಕಥೆ: ಕಣಗಳು ಕೂಡಿಕೊಂಡದ್ದು ಶಾಖಕ್ಕೋ ಬೀಮಿಗೋ ಎಂದು ತಿಳಿಯಲು, ಬೀಮ್ ಬೀಳದ ಪಕ್ಕದ ಜಾಗವನ್ನೂ ನೋಡಲೇಬೇಕು. ಎಷ್ಟು ಜನ ನೋಡುತ್ತಾರೆ?

ಮೇಡಂ ಬೈಯಲಿಲ್ಲ. "ಆ ವೃತ್ತದ ಫೋಟೊ ಮೊದಲು ಸೇವ್ ಮಾಡಪ್ಪ" ಅಂದರು. ಸ್ಲಾಟ್ ಮುಗಿಯಲು ಇನ್ನೂ ನಲವತ್ತು ನಿಮಿಷ ಇತ್ತು; ಅವನು ಕರೆಂಟ್ ಹತ್ತನೇ ಒಂದಕ್ಕೆ ಇಳಿಸಿ, ಹೊಸ ಮೂಲೆ ಹುಡುಕತೊಡಗಿದ.