ಕಥಿ ಎಲ್ಲಿಂದ ಶುರು ಆಗ್ತದರೀ, ಮೇಡಂ?

ಐರ್ಲೆಂಡಿನ ಲೇಖಕ ಜೇಮ್ಸ್ ಜಾಯ್ಸ್‌ನ 'ಎ ಪೋರ್ಟ್ರೇಟ್ ಆಫ್ ದಿ ಆರ್ಟಿಸ್ಟ್ ಆ್ಯಸ್ ಎ ಯಂಗ್ ಮ್ಯಾನ್' ಪಠ್ಯವಾಗಿ ಬಂತೆಂದರೆ ಸ್ಟಾಫ್ ರೂಮಿನಲ್ಲಿ ಒಂದು ಮಾತು ಬಂದೇ ಬರುತ್ತದೆ: "ನಮ್ಮ ಹುಡುಗರಿಗೆ ಇದನ್ನ ಯಾಕ ಇಟ್ರೋ ಏನೋ!" ರಾಯಚೂರಿನಲ್ಲಿ ಎಂ.ಎ. ಇಂಗ್ಲಿಷ್ ತರಗತಿಗೆ ಕಾದಂಬರಿ ಪೇಪರ್ ನನ್ನದು. ನಮ್ಮಲ್ಲಿಗೆ ಬರುವವರು ದೇವದುರ್ಗ, ಮಾನ್ವಿ, ಮಸ್ಕಿ, ಲಿಂಗಸುಗೂರು ಕಡೆಯವರು. ಹೆಚ್ಚಿನವರು ಹತ್ತನೇ ಇಯತ್ತೆ ತನಕ ಕನ್ನಡ ಮಾಧ್ಯಮ. ಹಾಗಾಗಿ ಇಂಗ್ಲಿಷೇ ಅಡ್ಡಿ ಅಂತ ಎಲ್ಲರೂ ಮೊದಲೇ ತೀರ್ಮಾನ ಮಾಡಿಬಿಡುತ್ತಾರೆ.

ನನಗೆ ಹಾಗೆ ಅನ್ನಿಸಿಲ್ಲ. ಮೊದಲ ಅಧ್ಯಾಯದ ಇಂಗ್ಲಿಷು ಡಿಕನ್ಸ್‌ನದಕ್ಕಿಂತ ಎಷ್ಟೋ ಸಲೀಸು. ಹಾಸಿಗೆ ಒದ್ದೆ ಮಾಡಿಕೊಂಡರೆ ಮೊದಲು ಬೆಚ್ಚಗಿರುತ್ತದೆ, ಆಮೇಲೆ ತಣ್ಣಗಾಗುತ್ತದೆ ಅನ್ನುವುದಕ್ಕೆ ಯಾವ ಡಿಕ್ಷನರಿ ಬೇಕು? ತೊಡಕು ಇರುವುದು ಬೇರೆ ಕಡೆ. ಇದು ಯಾರ ಮಾತು, ಇದು ಯಾವಾಗ ಆದದ್ದು, ಈಗ ಎಲ್ಲಿದ್ದೇವೆ, ಯಾರೂ ಹೇಳುವುದಿಲ್ಲ. ಅಪ್ಪ ಹೇಳುವ ಹಸುವಿನ ಕಥೆ ಕೇಳುತ್ತಿದ್ದ ಕೂಸು, ಒಂದೆರಡು ಪುಟ ದಾಟುವುದರೊಳಗೆ ಕ್ಲಾಂಗೋಸ್ ವುಡ್ ಎಂಬ ಜೆಸ್ಯೂಟ್ ಪಾದ್ರಿಗಳ ವಸತಿ ಶಾಲೆಯ ಆಟದ ಬಯಲಲ್ಲಿ ನಿಂತಿರುತ್ತದೆ. ನಡುವಿನ ವರ್ಷಗಳ ಸುದ್ದಿಯೇ ಇಲ್ಲ. ಸಂಭಾಷಣೆಗೆ ಉದ್ಧರಣ ಚಿಹ್ನೆಯೂ ಇಲ್ಲ, ಬರೀ ಒಂದು ಅಡ್ಡಗೆರೆ. "ಕಥಿ ಎಲ್ಲಿಂದ ಶುರು ಆಗ್ತದರೀ, ಮೇಡಂ?" ಅಂತ ಕೇಳುವವರು ದಡ್ಡರಲ್ಲ, ನ್ಯಾಯವಾದ ಪ್ರಶ್ನೆ ಅದು.

ನಮ್ಮ ವಿಭಾಗಗಳಲ್ಲಿರುವ ರೂಢಿ ಏನೆಂದರೆ, ಮೊದಲ ವಾರ ಪೂರ್ತಿ ಹಿನ್ನೆಲೆ. ಆಧುನಿಕತಾವಾದದ ಲಕ್ಷಣಗಳು, ಮನಸ್ಸಿನಲ್ಲಿ ಹರಿಯುವ ಯೋಚನೆಯನ್ನು ಹಾಗೇ ಬರೆಯುವ ಪ್ರಜ್ಞಾಪ್ರವಾಹ ತಂತ್ರ, 1914-15ರಲ್ಲಿ 'ದಿ ಈಗೋಯಿಸ್ಟ್' ಪತ್ರಿಕೆಯಲ್ಲಿ ಧಾರಾವಾಹಿ, 1916ರಲ್ಲಿ ನ್ಯೂಯಾರ್ಕಿನಲ್ಲಿ ಪುಸ್ತಕ. ನಾನು ಇದನ್ನೆಲ್ಲ ಕೊನೆಗೆ ಇಟ್ಟುಕೊಂಡಿದ್ದೇನೆ. ಪರೀಕ್ಷೆಗೆ ಬೇಕು, ಬೇಡ ಅನ್ನುವುದಿಲ್ಲ. ಆದರೆ ನೋಟ್ಸ್ ಮೊದಲು ಕೈಗೆ ಸಿಕ್ಕರೆ ಹುಡುಗರು ಪುಟ ಪುಟದಲ್ಲೂ ಆ ಲಕ್ಷಣಗಳನ್ನೇ ಹುಡುಕುತ್ತಾರೆ, ಕಥೆಯ ಹುಡುಗ ಸ್ಟೀಫನ್ ಕಣ್ಣಿಗೇ ಬೀಳುವುದಿಲ್ಲ. ಅದಕ್ಕೇ ಮೊದಲ ವಾರ ಗಟ್ಟಿಯಾಗಿ ಓದುವುದೊಂದೇ ಕೆಲಸ.

ಶಾಲೆಯ ಊಟದ ಕೋಣೆಯಲ್ಲಿ ಸ್ಟೀಫನ್ ಮೊಣಕೈ ಊರಿ ಕೂತು ಕಿವಿ ಮುಚ್ಚಿ ತೆಗೆದು ಮಾಡುವ ಒಂದು ಜಾಗ ಬರುತ್ತದೆ. ತೆಗೆದರೆ ರಾತ್ರಿ ರೈಲಿನ ಹಾಗೆ ಗದ್ದಲ, ಮುಚ್ಚಿದರೆ ಆ ರೈಲು ಸುರಂಗ ಹೊಕ್ಕ ಹಾಗೆ. ಅಲ್ಲಿ ಪುಸ್ತಕ ಕೆಳಗಿಡಿಸಿ, ನೀವೂ ಮಾಡಿ ನೋಡ್ರಿ ಅನ್ನುತ್ತೇನೆ. ಮೇಲೆ ಕಿರುಗುಡುವ ಫ್ಯಾನು, ಹೊರಗೆ ಟಂಟಂಗಳ ಹಾರ್ನು. ಎಂ.ಎ. ಓದುವ, ಕೆಲವರು ಆಗಲೇ ಮಕ್ಕಳ ತಂದೆತಾಯಿ ಆದವರು, ಅಂಗೈಯಿಂದ ಕಿವಿ ಒತ್ತಿ ಬಿಟ್ಟು, ಒತ್ತಿ ಬಿಟ್ಟು ಕೂತಿರುತ್ತಾರೆ. ಮೊದಲು ನಗು, ಆಮೇಲೆ ಅದರಲ್ಲೇ ಮಗ್ನ. "ನಾ ಸುರಂಗ ನೋಡೇ ಇಲ್ಲರೀ ಮೇಡಂ, ಆದ್ರ ಇದು ಗೊತ್ತಾತು" ಅಂದ ಒಬ್ಬ. ಮುಂದಿನ ಸಾಲುಗಳಿಗೆ ಅರ್ಥ ಹೇಳುವ ಪ್ರಮೇಯವೇ ಬರಲಿಲ್ಲ.

ಎಲ್ಲರಿಗಿಂತ ಮುಂಚೆ ಈ ಕಾದಂಬರಿಯೊಳಗೆ ಕಾಲಿಡುವವರು ಆರನೇ ಇಯತ್ತೆಗೇ ಟ್ರಂಕು ಹೊತ್ತು ಮೊರಾರ್ಜಿ ದೇಸಾಯಿ ವಸತಿ ಶಾಲೆಗೋ ನವೋದಯಕ್ಕೋ ಹೋದವರು. ಸ್ಟೀಫನ್ ತನ್ನ ಡೆಸ್ಕಿನೊಳಗೆ ಅಂಟಿಸಿದ ಅಂಕಿಯನ್ನು ಎಪ್ಪತ್ತೇಳರಿಂದ ಎಪ್ಪತ್ತಾರಕ್ಕೆ ಬದಲಿಸುತ್ತಾನೆ. ಯಾಕೆ ಅಂತ ನಾನು ಕೇಳುವ ಮೊದಲೇ ಹಿಂದಿನ ಬೆಂಚಿನಿಂದ ಉತ್ತರ ಬಂತು: "ಸೂಟಿಗೆ ಇನ್ನ ಎಷ್ಟ ದಿನ ಅಂತರೀ. ನಾವು ಗ್ವಾಡಿಗೆ ಗೆರಿ ಕೊರೀತಿದ್ವಿ." ಇನ್ನೊಂದು ಜಾಗ, ವೆಲ್ಸ್ ಎಂಬ ಹುಡುಗ ಎಲ್ಲರ ಮುಂದೆ ಕೇಳುವುದು: ರಾತ್ರಿ ಮಲಗುವ ಮುಂಚೆ ನೀನು ನಿಮ್ಮಮ್ಮನಿಗೆ ಮುತ್ತು ಕೊಡುತ್ತೀಯಾ? ಹೌದು ಅಂದರೂ ನಗುತ್ತಾರೆ, ಇಲ್ಲ ಅಂದರೂ ನಗುತ್ತಾರೆ. ಸರಿ ಉತ್ತರ ಯಾವುದು ಅಂತ ಸ್ಟೀಫನ್ ತಲೆ ಕೆಡಿಸಿಕೊಳ್ಳುತ್ತಾನೆ. ಹಾಸ್ಟೆಲಿನಲ್ಲಿ ತಮಗೆ ಬಿದ್ದ ಇಂಥವೇ ಪ್ರಶ್ನೆಗಳನ್ನು ಹುಡುಗರು ಒಂದಾದ ಮೇಲೊಂದು ಹೇಳಿದರು. ಅರ್ಧಕ್ಕರ್ಧ ಇಲ್ಲಿ ಬರೆಯುವಂಥವಲ್ಲ.

ಭೂಗೋಳದ ಪುಸ್ತಕದ ಮೊದಲ ಹಾಳೆಯಲ್ಲಿ ಸ್ಟೀಫನ್ ತನ್ನ ಹೆಸರಿಂದ ಹಿಡಿದು ತರಗತಿ, ಶಾಲೆ, ಊರು, ಐರ್ಲೆಂಡ್, ಯುರೋಪ್, ಜಗತ್ತು, ಬ್ರಹ್ಮಾಂಡದ ತನಕ ಬರೆದಿರುವುದನ್ನು ಓದಿದಾಗ ಮಾತ್ರ ಯಾರೂ ಏನೂ ಕೇಳಲಿಲ್ಲ. ಎಲ್ಲರೂ ಬರೆದವರೇ. ನಮ್ಮವರದರಲ್ಲಿ ಹೋಬಳಿ ಒಂದು ಹೆಚ್ಚಿಗೆ ಇರುತ್ತಿತ್ತು, ಅಷ್ಟೇ.

ಕ್ರಿಸ್‌ಮಸ್ ಊಟದ ಜಗಳವನ್ನು ನಾಟಕದ ತಾಲೀಮಿನ ಹಾಗೆ ಪಾತ್ರ ಹಂಚಿ ಓದಿಸುತ್ತೇನೆ. ಅಡ್ಡಗೆರೆಯ ಹಿಂದೆ ಯಾರಿದ್ದಾರೆ ಅಂತ ಕಂಡುಹಿಡಿಯಲು ಇದಕ್ಕಿಂತ ಸುಲಭ ದಾರಿ ನನಗೆ ಸಿಕ್ಕಿಲ್ಲ. ಹಬ್ಬದ ದಿನ, ಮೊದಲ ಸಲ ದೊಡ್ಡವರ ಪಂಕ್ತಿಯಲ್ಲಿ ಕೂತ ಹುಡುಗ. ಎದುರಿಗೆ ಅಪ್ಪ, ಅಪ್ಪನ ಗೆಳೆಯ ಕೇಸಿ, ಮನೆಯಲ್ಲೇ ಇರುವ ಡ್ಯಾಂಟೆ ಎಂಬ ಹಿರಿಯಾಕೆ, ಎಲ್ಲರೂ ರಾಜಕೀಯಕ್ಕೆ ಕಿತ್ತಾಡುತ್ತಿದ್ದಾರೆ. ಓದಿ ಮುಗಿಸಿದ ಮೇಲೆ "ಈ ಪಾರ್ನೆಲ್ ಯಾರ್ರೀ?" ಅಂತ ಅವರೇ ಕೇಳುತ್ತಾರೆ. ಆಗ ಹೇಳುತ್ತೇನೆ: ಐರ್ಲೆಂಡಿಗೆ ಸ್ವಯಮಾಡಳಿತ ಬೇಕು ಅಂತ ಹೋರಾಡಿದ ನಾಯಕ, 1890ರಲ್ಲಿ ವಿವಾಹ ವಿಚ್ಛೇದನದ ಮೊಕದ್ದಮೆಯೊಂದರಲ್ಲಿ ಹೆಸರು ಬಂದು ಪಕ್ಷ ಒಡೆಯಿತು, ಚರ್ಚು ತಿರುಗಿಬಿತ್ತು, 1891ರ ಅಕ್ಟೋಬರಿನಲ್ಲಿ ತೀರಿಕೊಂಡ. ಕೇಳಿಸಿಕೊಂಡು ಹೇಳುವ ಇಷ್ಟು ಮಾತು ಹಿನ್ನೆಲೆಯ ಒಂದು ಪೂರ್ತಿ ಪಿರಿಯಡ್‌ಗಿಂತ ಗಟ್ಟಿಯಾಗಿ ಉಳಿಯುತ್ತದೆ. ಡ್ಯಾಂಟೆ ಪಾತ್ರ ಓದಿದ ಹುಡುಗಿ ಕೊನೆ ತನಕ ಡ್ಯಾಂಟೆಯ ಪಕ್ಷವನ್ನೇ ಹಿಡಿದಳು: "ಎಲ್ಲಾರೂ ಕೂಡಿ ಆಕಿ ನಂಬಿದ್ದನ್ನ ಆಡ್ಕೊಂಡ್ರ ಆಕಿ ಸುಮ್ಕ ಉಣಬೇಕಾಗಿತ್ತೇನ್ರೀ?" ವಿಮರ್ಶೆಯ ಪುಸ್ತಕಗಳು ಡ್ಯಾಂಟೆಯನ್ನು ಇಷ್ಟು ಗೌರವದಿಂದ ನಡೆಸಿಕೊಂಡದ್ದು ನಾನು ಕಂಡದ್ದು ಕಡಿಮೆ.

ಇನ್ನು ಫಾದರ್ ಡೋಲನ್. ಓಟದ ದಾರಿಯಲ್ಲಿ ಸೈಕಲ್ಲಿನವನು ಕೆಡವಿ ಸ್ಟೀಫನ್‌ನ ಕನ್ನಡಕ ಮೂರು ಚೂರಾಗಿದೆ. ಪಾಠ ಮಾಡುವ ಫಾದರ್ ಆರ್ನಲ್ ಬರೆಯುವುದರಿಂದ ವಿನಾಯಿತಿ ಕೊಟ್ಟಿದ್ದಾರೆ. ಮೇಲ್ವಿಚಾರಣೆಗೆ ಬಂದ ಡೋಲನ್ ಅದನ್ನು ನಂಬದೆ, ಕಳ್ಳಾಟ ಅಂತ ತೊಗಲಿನ ಪ್ಯಾಂಡಿಬ್ಯಾಟಿನಿಂದ ಎರಡೂ ಅಂಗೈಗೆ ಬಾರಿಸುತ್ತಾರೆ. ಹೊಡೆಯುವ ಮುಂಚೆ ಹುಡುಗನ ಬೆರಳು ಹಿಡಿದು ಕೈ ನೆಟ್ಟಗೆ ಮಾಡುತ್ತಾರೆ. ಆ ಬೆರಳುಗಳು ಮೆತ್ತಗಿದ್ದವು, ಕೈಕುಲುಕುತ್ತಾರೇನೋ ಅಂದುಕೊಂಡೆ ಅಂತ ಸ್ಟೀಫನ್ ಆಮೇಲೆ ನೆನೆಯುತ್ತಾನೆ. ಪೆಟ್ಟು ತಿನ್ನದವರು ನಮ್ಮ ತರಗತಿಯಲ್ಲಿ ಯಾರಿದ್ದಾರೆ? ಆದರೂ ಅವರು ತಡೆದು ನಿಂತದ್ದು ಪೆಟ್ಟಿನ ಹತ್ತಿರ ಅಲ್ಲ, ಆ ಬೆರಳಿನ ಹತ್ತಿರ.

ಸ್ಟೀಫನ್ ಧೈರ್ಯ ಮಾಡಿ ಶಾಲೆಯ ಮುಖ್ಯಸ್ಥ ರೆಕ್ಟರ್ ಬಳಿ ದೂರು ಕೊಡುತ್ತಾನೆ, ಹುಡುಗರು ಅವನನ್ನು ಎತ್ತಿ ಕುಣಿಯುತ್ತಾರೆ. ಅಲ್ಲಿಗೆ ನಮ್ಮ ತರಗತಿಗೂ ಖುಷಿ. ಎರಡನೇ ಅಧ್ಯಾಯದಲ್ಲಿ ಅಪ್ಪ ಮನೆಯಲ್ಲಿ ನಗುತ್ತಾ ಹೇಳುವ ಸುದ್ದಿ: ರೆಕ್ಟರೂ ಡೋಲನ್ನೂ ಆ ಪ್ರಸಂಗ ನೆನೆದು ಬಿದ್ದೂ ಬಿದ್ದೂ ನಕ್ಕರಂತೆ. "ಹಂಗಾದ್ರ ಅವ ಗೆದ್ದಿದ್ದು ಸುಳ್ಳ ಏನ್ರೀ?" ಅಂತ ಒಬ್ಬ ಎದ್ದು ನಿಂತ. ಸುಳ್ಳಲ್ಲ, ಆವತ್ತು ಗೆದ್ದದ್ದು ಗೆದ್ದದ್ದೇ ಅಂತ ಇನ್ನೊಬ್ಬ. ಪಿರಿಯಡ್ ಮುಗಿದರೂ ಮುಗಿಯಲಿಲ್ಲ. ನಾನು ಬಾಯಿ ಹಾಕಲಿಲ್ಲ, ಈಗಲೂ ನನಗೆ ಯಾವ ಕಡೆ ಅಂತ ಖಾತ್ರಿ ಇಲ್ಲ.

ಇಂಟರ್ನಲ್ ಅಸೈನ್‌ಮೆಂಟಿಗೆ ಸಾರಾಂಶ ಬರೆಸುವುದನ್ನು ಬಿಟ್ಟು, ನಿಮ್ಮ ಬಾಲ್ಯದ ಒಂದು ಪುಟ ಬರೆಯಿರಿ ಅನ್ನುತ್ತೇನೆ, ಕನ್ನಡದಲ್ಲಿ ಬರೆದರೂ ನಡೆಯುತ್ತದೆ. ಮೊದಲ ಸುತ್ತಿನಲ್ಲಿ ಬರುವವು "ಬಾಲ್ಯವು ಸುವರ್ಣಕಾಲ" ಜಾತಿಯವು, ಅವನ್ನು ವಾಪಸ್ ಕೊಡುತ್ತೇನೆ. ಎರಡನೇ ಸುತ್ತಿಗೆ ಒಂದೇ ನಿಯಮ: "ಆಗ ನನಗೆ ತಿಳಿಯುತ್ತಿರಲಿಲ್ಲ" ಅನ್ನುವ ವಾಕ್ಯ ಎಲ್ಲೂ ಬರಕೂಡದು. ಇದು ಬಹಳ ಸತಾಯಿಸುತ್ತದೆ. ದೊಡ್ಡವರಾದ ನಾವು ನಡುವೆ ನುಗ್ಗಿ ವಿವರಿಸುವ ಚಟವನ್ನು ತಡೆದುಕೊಳ್ಳುವುದು ಎಷ್ಟು ಕಠಿಣ ಅಂತ ಪೆನ್ನು ಹಿಡಿದಾಗಲೇ ಗೊತ್ತಾಗುವುದು. ಒಬ್ಬಳು ಅಪ್ಪ ಅಮ್ಮನ ಜೊತೆ ಬೆಂಗಳೂರಿಗೆ ಗುಳೆ ಹೋದಾಗಿನ ತಗಡಿನ ಶೆಡ್ಡಿನ ಬಗ್ಗೆ ಬರೆದಳು: ಹಸಿ ಸಿಮೆಂಟಿನ ವಾಸನೆ, ಅವ್ವನ ಸೀರೆ ಕಟ್ಟಿದ ಜೋಳಿಗೆ, ರಾತ್ರಿ ತಗಡಿನ ಮೇಲೆ ಓಡುವ ಇಲಿ. ಬಡತನ ಎಂಬ ಪದವೇ ಇರಲಿಲ್ಲ. ಇನ್ನೊಬ್ಬನದು ಮೊಹರಮ್ ಹಬ್ಬದ ಅಲಾಯಿ ಕುಣಿಯ ಬೆಂಕಿ, ಮಾವನ ಹೆಗಲ ಮೇಲಿಂದ ಕಂಡದ್ದು. ಇವನ್ನು ಬರೆದ ಮೇಲೆ ಕಾದಂಬರಿಯ ಮೊದಲ ಪುಟಕ್ಕೆ ಮರಳಿ ಹೋದರೆ ಜಾಯ್ಸ್ ಏನು ಮಾಡಿದ ಅನ್ನುವುದಕ್ಕಿಂತ, ಏನು ಮಾಡದೆ ಬಿಟ್ಟ ಅನ್ನುವುದನ್ನು ಅವರೇ ತೋರಿಸುತ್ತಾರೆ.

ಎಲ್ಲರಿಗೂ ಹಿಡಿಸುತ್ತದೆ ಅಂತೇನಿಲ್ಲ. ದುಡ್ಡಿದ್ದವರ ಮನೆ ಹುಡುಗನ ನೆನಪು ನಾವು ಯಾಕೆ ಓದಬೇಕು ಅಂತ ಸೆಮಿಸ್ಟರ್ ಪೂರ್ತಿ ವಾದ ಮಾಡಿದವನೊಬ್ಬನಿದ್ದ. ಎರಡನೇ ಅಧ್ಯಾಯದಲ್ಲಿ ಆ ಮನೆಯ ಆಸ್ತಿ ಕರಗಿಹೋಗುತ್ತದೆ ಅಂದೆ, ಅವನು ಒಪ್ಪಲಿಲ್ಲ. ಪರೀಕ್ಷೆಯಲ್ಲೂ ಹಾಗೇ ಬರಿ, ಆದರೆ ಪುಟ ತೋರಿಸಿ ಬರಿ ಅಂದೆ.

ಮೂರನೇ ಅಧ್ಯಾಯದ ನರಕದ ಪ್ರವಚನ ಬರುವ ಹೊತ್ತಿಗೆ ಹುಡುಗ ಬೆಳೆದಿರುತ್ತಾನೆ, ಇಂಗ್ಲಿಷೂ ಅವನ ಜೊತೆ ಬೆಳೆದಿರುತ್ತದೆ. ಐದನೆಯದರಲ್ಲಿ ಮಧ್ಯಯುಗದ ಕ್ರೈಸ್ತ ತತ್ವಜ್ಞಾನಿ ಅಕ್ವಿನಾಸ್‌ನನ್ನು ಹಿಡಿದು ಸೌಂದರ್ಯದ ಸಿದ್ಧಾಂತ ಹೇಳುವ ಕಡೆ ಗಟ್ಟಿ ಓದು, ಪಾತ್ರ ಹಂಚುವುದು ಯಾವುದೂ ನಡೆಯುವುದಿಲ್ಲ. ಅಲ್ಲಿ ನಾನೂ ಬೋರ್ಡಿನ ಮೇಲೆ ಪಾಯಿಂಟ್ ಬರೆದೇ ಪಾಠ ಮಾಡುವುದು. ಗೈಡ್ ಇದ್ದವರು ಗೈಡನ್ನೂ ತೆಗೆದುಕೊಂಡು ಬನ್ನಿ ಅಂತ ಹಿಂದಿನ ದಿನವೇ ಹೇಳಿರುತ್ತೇನೆ.